ಮಾವನ ಗುಳಿಗೆ ಮತ್ತು ನನ್ನ ಶಿಶು

ನನ್ನ ಮಗಳು ಹುಟ್ಟಿದ ದಿನ ನೋಡಲು ಬಂದವರೆಲ್ಲ ಹೊಗಳಿದ್ದು ಅವಳ ನಿದ್ದೆಯನ್ನು. "ಎಂಥಾ ಸಮಾಧಾನದ್ ಶಿಶು ಕಾಣಿ! ಮರ್ಕುದೇ ಇಲ್ಲೆ" ಎಂದು ಸೂಲಗಿತ್ತಿ ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು. ನನಗೋ ಹೆಮ್ಮೆ ತಡೆಯಲಾರದಷ್ಟು. ಊರಿನ ಮಕ್ಕಳೆಲ್ಲ ಸೂರು ಹಾರುವಂತೆ ಅಳುವಾಗ ನನ್ನದು ಮಾತ್ರ ಅಳುವುದಿಲ್ಲ ಎಂದರೆ ಯಾವ ತಾಯಿಗೆ ಹೆಮ್ಮೆಯಾಗುವುದಿಲ್ಲ ಹೇಳಿ. ಆ ಸಮಾಧಾನ ಎಲ್ಲಿಂದ ಬಂದದ್ದು ಎಂದು ಆಗ ಗೊತ್ತಿದ್ದರೆ ಆ ಹೊಗಳಿಕೆ ಕೇಳಿ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಇದನ್ನು ಬರೆಯಬೇಡ ಎಂದು ಬಹಳ ವರ್ಷ ಹೇಳುತ್ತಿದ್ದವಳು ಆ ಮಗಳೇ. "ನನ್ನ್ ಕಂಡವ್ರೆಲ್ಲ ಅಫೀಮಿನ್ ಶಿಶು ಅಂತ ಹೇಳುಕಾ?" ಎಂದು ಜಗಳಕ್ಕೆ ಬರುತ್ತಿದ್ದಳು. ಅವಳ ಮಾತೂ ನ್ಯಾಯದ್ದೇ. ಈಗ ಅವಳ ಮಕ್ಕಳೂ ದೊಡ್ಡವರಾಗಿದ್ದಾರೆ. ಈಚೆಗೆ ನಮ್ಮ ಪರಿಚಯದ ಒಬ್ಬ ಬಸುರಿ ಹುಡುಗಿ ತಾನು ಬಿಡಲಾಗದೆ ನುಂಗುತ್ತಿರುವ ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಲು ಹೆದರಿ ಕೂತಿದ್ದಾಳೆ ಎಂದು ತಿಳಿಯಿತು. ಅವತ್ತು ಮಗಳು ನನ್ನ ಮುಂದೆ ಬಂದು ನಿಂತು, "ಅಮ್ಮ, ಬರಿ. ಹೆಸ್ರ್ ಬೇಕಾರೂ ಹಾಕ್" ಎಂದಳು. ಹೆಸರು ಹಾಕುವುದಿಲ್ಲ. ಉಳಿದದ್ದನ್ನೆಲ್ಲ ಹೇಳುತ್ತೇನೆ.

ನನಗೆ ಚಿಕ್ಕಂದಿನಿಂದ ಉಬ್ಬಸ. ಬಿಜೂರಿನ ನಮ್ಮ ಮನೆ ಅಳಿಯಕಟ್ಟಿನ ಮನೆ. ಅಲ್ಲಿ ಯಜಮಾನಿಕೆ ಅಮ್ಮನ ಅಣ್ಣನದು, ಎಂದರೆ ನನ್ನ ಮಾವನದು. ಎತ್ತರದ ಆಳು, ಮಾತು ಕಡಿಮೆ. ಹೋರಿಯನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸುವ ಆ ಮನುಷ್ಯ, ನನಗೆ ಉಸಿರು ಕಟ್ಟಿದಾಗ ಹೆಗಲ ಮೇಲೆ ಹೊತ್ತುಕೊಂಡು ಗದ್ದೆಯ ಬದುವಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ನೆಟ್ಟಗೆ ಇದ್ದರೆ ಉಸಿರು ಸಲೀಸಾಗುತ್ತದೆ ಎಂದು ಅವನ ನಂಬಿಕೆ. ಆಗುತ್ತಲೂ ಇತ್ತು. ನನ್ನ ಅಪ್ಪಯ್ಯ ನಾನು ಹುಟ್ಟಿದ ಸ್ವಲ್ಪದರಲ್ಲೇ ತೀರಿಹೋಗಿದ್ದರಿಂದ ನನಗೆ ಅಪ್ಪ ಎಂದರೂ ಅವನೇ.

ಈ ಮಾವ ಮದ್ದು ಕೊಡುತ್ತಿದ್ದ. ಭೇದಿಗೆ, ನಿಲ್ಲದ ಕೆಮ್ಮಿಗೆ, ಉಬ್ಬಸಕ್ಕೆ ಒಂದೇ ಗುಳಿಗೆ. ಕರಿಮೆಣಸಿನ ಕಾಳಿನಷ್ಟು ದೊಡ್ಡದು, ಬಣ್ಣವೂ ಹಾಗೆಯೇ ಕಪ್ಪು. ಬೈಂದೂರು, ಶಿರೂರಿನಿಂದೆಲ್ಲ ಜನ ಬರುತ್ತಿದ್ದರು. ಒಂದು ಕಾಸು ಮುಟ್ಟುತ್ತಿರಲಿಲ್ಲ. ಅವನಿಗೆ ಅದನ್ನು ಕಲಿಸಿದ್ದು ಅವನ ಮಾವ, ಅವನಿಗೆ ಅವನ ಮಾವ. ನಮ್ಮ ಕಡೆ ಮನೆ ಮದ್ದು ಕೊಡುವವರಲ್ಲಿ ಒಂದು ಕಟ್ಟು ಇದೆ. ಮದ್ದಿನಲ್ಲಿ ಏನಿದೆ ಎಂದು ಕೊಡುವವನು ಬಾಯಿ ಬಿಡಬಾರದು. ತಿನ್ನುವವರು ಬೇರೆ ವೈದ್ಯರ ಮುಂದೆ ಅದರ ಸುದ್ದಿ ಎತ್ತಬಾರದು. ಎತ್ತಿದರೆ ಮದ್ದು ತಾಗುವುದಿಲ್ಲ. ಎತ್ತಿದವರಿಗೊಬ್ಬರಿಗೇ ಅಲ್ಲ, ಕೊಟ್ಟವನ ಕೈಗುಣವೇ ಹೋಗಿ ಇನ್ನು ಯಾರಿಗೂ ತಾಗುವುದಿಲ್ಲ. ಈ ಮಾತನ್ನು ನಾವು ಹಾಲಿನ ಜೊತೆ ಕುಡಿದು ಬೆಳೆದವರು. ನಗುವವರು ನಗಲಿ.

ಹಟ್ಟಿಯಂಗಡಿಯಲ್ಲಿ ಶಾಲೆ ಮಾಸ್ಟ್ರಾಗಿದ್ದವರಿಗೆ ನನ್ನನ್ನು ಕೊಟ್ಟರು. ಅರವತ್ತರ ದಶಕದ ನಡುವಿನ ಮಾತು. ಬಸುರಾದ ಮೇಲೆ ಉಬ್ಬಸ ಮೊದಲಿಗಿಂತ ಜೋರಾಯಿತು. ತವರಿಗೆ ಬಂದು ನಿಂತಾಗ ಮಾವ ದಿನಕ್ಕೊಂದು ಗುಳಿಗೆ ಕೊಟ್ಟ. ಅದು ಸಾಲದಾದಾಗ ಬೆಳಿಗ್ಗೆ, ಸಂಜೆ. ಕೊನೆಗೆ ಮಧ್ಯಾಹ್ನಕ್ಕೂ ಒಂದು. ಗುಳಿಗೆ ಇಳಿದ ಸ್ವಲ್ಪ ಹೊತ್ತಿಗೆ ಎದೆ ಬಿಡುತ್ತಿತ್ತು. ಎದೆ ಮಾತ್ರ ಅಲ್ಲ, ಮನಸ್ಸೂ ಬಿಡುತ್ತಿತ್ತು. ಯಾರೇನು ಅಂದರೂ ಸಿಟ್ಟು ಬರುತ್ತಿರಲಿಲ್ಲ. ನನ್ನ ಬಾಯಿ ಬಲ್ಲವರು, "ಬಸ್ರಿ ಆದ್ಮೇಲೆ ಹೆಣ್ ತಣ್ಣಗಾಯ್ತ್" ಎಂದು ತಮಾಷೆ ಮಾಡುತ್ತಿದ್ದರು. ಗುಳಿಗೆ ತಡವಾದ ದಿನ ಮೈಕೈ ಹಿಂಡುತ್ತಿತ್ತು, ಬಿಡದೆ ಆಕಳಿಕೆ ಬರುತ್ತಿತ್ತು. ಬಸುರಿನಲ್ಲಿ ಇದೆಲ್ಲ ಇದ್ದದ್ದೇ ಎಂದು ಅಮ್ಮ ಹೇಳಿದಳು. ನಾನೂ ನಂಬಿದೆ.

ಮಗು ಹುಟ್ಟಿತು. ಹುಟ್ಟಿದೊಡನೆ ಮನೆಗೆ ಅಮೆ, ಎಂದರೆ ಹೆರಿಗೆಯ ಸೂತಕ. ಅಳಿಯಕಟ್ಟಿನಲ್ಲಿ ಮಗು ತಾಯಿಯ ಮನೆಗೇ ಸೇರಿದ್ದಾದ್ದರಿಂದ ಮಾವನಿಗೂ ಅಮೆ. ಶುದ್ಧ ಆಗುವ ತನಕ ಯಾರೂ ದೇವರ ಕೋಣೆಯ ಹೊಸ್ತಿಲು ದಾಟುವ ಹಾಗಿಲ್ಲ. ಮಾವನ ಮದ್ದಿನ ಕರಡಿಗೆ ಇದ್ದದ್ದು ಅದೇ ಕೋಣೆಯಲ್ಲಿ. ಅಮೆಯ ಮೈಯಲ್ಲಿ ಆ ಮದ್ದು ಮುಟ್ಟುವುದೂ ಇಲ್ಲ, ಕೊಡುವುದೂ ಇಲ್ಲ. ಅದೇ ಹೊತ್ತಿಗೆ ನನ್ನ ಉಬ್ಬಸ ಮೈಮೇಲೆ ಬಂದ ದೇವರು ಇಳಿದ ಹಾಗೆ ಬಿಟ್ಟುಹೋಗಿತ್ತು. ನಾನು ಕೇಳಲಿಲ್ಲ, ಅವನು ಕೊಡಲಿಲ್ಲ. ಗುಳಿಗೆಯ ನೆನಪೇ ಯಾರಿಗೂ ಆಗಲಿಲ್ಲ.

ಮರುದಿನದಿಂದ ಸಮಾಧಾನದ ಶಿಶು ಬೇರೆಯದೇ ಶಿಶುವಾಯಿತು. ಅದು ಅಳು ಅಲ್ಲ. ಕತ್ತಿ ಮಸೆಯುವಾಗ ಕಲ್ಲಿಗೆ ತಾಗಿ ಬರುವ ಸದ್ದಿನಂಥದು, ಸಣ್ಣಗೆ, ಚೂಪಾಗಿ, ನಿಲ್ಲದೆ. ಗಲ್ಲ ನಡುಗುತ್ತಿತ್ತು, ಕೈ ನಡುಗುತ್ತಿತ್ತು. ಬಾಗಿಲು ಕಿರ್ ಎಂದರೂ ಮೈಯೆಲ್ಲ ಬೆಚ್ಚಿ ಬೀಳುತ್ತಿತ್ತು. ಹಸಿವಿನಿಂದ ಮುಷ್ಟಿಯನ್ನು ಕಚ್ಚುತ್ತಿತ್ತು. ಮೊಲೆ ಬಾಯಿಗಿಟ್ಟರೆ ತಲೆ ಅತ್ತಿತ್ತ ತೂರಾಡಿಸಿ ಬಿಟ್ಟುಬಿಡುತ್ತಿತ್ತು. ಕುಡಿದ ಚೂರು ಹಾಲು ವಾಂತಿ, ಭೇದಿ. ಹಾಸಿದ ಬಟ್ಟೆಗೆ ಉಜ್ಜಿ ಉಜ್ಜಿ ಮೊಣಕಾಲಿನ ಚರ್ಮ ಕೆಂಪಾಗಿ ಎದ್ದಿತು.

ನನ್ನ ಅವಸ್ಥೆಯೂ ಅದಕ್ಕಿಂತ ಚೆನ್ನಾಗೇನೂ ಇರಲಿಲ್ಲ. ಕಣ್ಣು ಮೂಗಿನಲ್ಲಿ ನೀರು, ಮೈಯಲ್ಲಿ ಮುಳ್ಳು, ಹೊಟ್ಟೆಯಲ್ಲಿ ಹಿಂಡುವ ನೋವು. ಕಾಲನ್ನು ಯಾರೋ ಒಳಗಿನಿಂದ ತಿರುಚಿದ ಹಾಗೆ. ಮಲಗಲೂ ಆಗದು, ಕೂರಲೂ ಆಗದು. ಬಾಣಂತಿ ಕೋಣೆಯಲ್ಲಿ ಗೋಡೆ ಹಿಡಿದು ಸುತ್ತುತ್ತಿದ್ದೆ, ಕೈಗೆ ಸಿಕ್ಕಿದವರ ಮೇಲೆ ಹರಿಹಾಯುತ್ತಿದ್ದೆ.

"ಇದ್ ಬಾಣಂತಿ ಸನ್ನಿ" ಎಂದಳು ಸೂಲಗಿತ್ತಿ ನನ್ನನ್ನು ನೋಡಿ. ಮಗುವನ್ನು ನೋಡಿ, "ಅದ್ಕೆ ಬಾಲಗ್ರಹ" ಎಂದಳು. ಎರಡು ಕಾಯಿಲೆಗೆ ಎರಡು ಹೆಸರು ಸಿಕ್ಕಿತು, ಎರಡು ಬಗೆಯ ಉಪಚಾರ ಶುರುವಾಯಿತು. ನನಗೆ ಕಷಾಯ, ಹೊಗೆ. ಮಗುವಿಗೆ ಬಜೆ ತೇಯ್ದು ನೆಕ್ಕಿಸಿದರು, ಕಪ್ಪು ನೂಲು ಕಟ್ಟಿದರು. ಮಾವ ಜಗಲಿಯಲ್ಲಿ ಕೂತು ಅಳು ಕೇಳುತ್ತಿದ್ದ. ಗಂಡಸರು ಬಾಣಂತಿ ಕೋಣೆಗೆ ಬರುವಂತಿಲ್ಲ. ಮಗು ಉಸಿರು ಹಿಡಿದು ಅತ್ತಾಗ ಅವನು ಎದ್ದು ಅಂಗಳದಲ್ಲಿ ನಡೆಯುವ ಹೆಜ್ಜೆಯ ಸದ್ದು ನನಗೆ ಕೇಳುತ್ತಿತ್ತು. ಹೊತ್ತು ನಡೆಯಲು ಹೆಗಲ ಮೇಲೆ ಯಾರೂ ಇಲ್ಲದೆ ಸುಮ್ಮನೆ ನಡೆಯುತ್ತಿದ್ದ.

ಸುದ್ದಿ ತಿಳಿದು ನಮ್ಮನೆಯವರು ಬಂದರು. ನಾಮಕರಣಕ್ಕೆ ಮೊದಲು ಮಗುವಿನ ಅಪ್ಪ ಬರುವ ವಾಡಿಕೆ ಇಲ್ಲ, ಆದರೂ ಬಂದರು. ಕಿಟಕಿಯ ಹೊರಗೆ ನಿಂತು ಮಗುವನ್ನು ನೋಡಿದರು. ಹೆಂಡತಿಯ ಮನೆಯಲ್ಲಿ ಧ್ವನಿ ಎತ್ತದ ಮನುಷ್ಯ ಅವತ್ತು ಮಾವನ ಎದುರು ನಿಂತು, "ಇದ್ ಮನಿಯಂಗೆ ಗುಣ ಆಪ್ದಲ್ಲ. ನಾ ಕಾರ್ ಹೇಳಿಯೇ ಬಂದೆ" ಎಂದರು.

ಅಮ್ಮ ಬಾಯಿ ತೆರೆಯುವ ಮೊದಲೇ ಮಾವ ಹೇಳಿದ: "ಕರ್ಕಂಡ್ ಹೋಯ್ನಿ."

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮ, ನಾನು, ನನ್ನ ಮಡಿಲಲ್ಲಿ ಮಗು. ಮರವಂತೆಯ ಹತ್ತಿರ ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ. ಮದುವೆಯಾಗಿ ಹೋಗುವಾಗ ಅಲ್ಲಿ ಕಾರು ನಿಲ್ಲಿಸಿ ನೋಡಿದ್ದೆವು. ಈಗ ಗಾಳಿಯ ಸದ್ದಿಗೆ ಮಗು ಬೆಚ್ಚುತ್ತದೆ ಎಂದು ಗಾಜು ಏರಿಸಿ, ಸೆಖೆಯಲ್ಲಿ ಬೇಯುತ್ತ ಕುಂದಾಪುರ ಸೇರಿದೆವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೈಸೂರು ಕಡೆಯವರು, ಇನ್ನೂ ಚಿಕ್ಕ ಪ್ರಾಯ. ಮೊದಲು ಮಗುವಿನ ದವಡೆ ತೆರೆದು ನೋಡಿದರು, ಹೊಕ್ಕುಳು ನೋಡಿದರು. ಧನುರ್ವಾಯು ಇರಬಹುದೆಂದು ಅವರಿಗೆ ಅನುಮಾನ. ನಮ್ಮ ಊರಿನಲ್ಲಿ ಆ ಕಾಯಿಲೆ ಹಿಡಿದ ಕೂಸು ಉಳಿದದ್ದು ಯಾರೂ ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ತಲೆಯಾಡಿಸಿ, "ಅಲ್ಲ. ಬಾಯಿ ಸಲೀಸಾಗಿ ತೆರೀತಾ ಇದೆ. ಇದು ಅದಲ್ಲ" ಎಂದರು. ಹಾಗಾದರೆ ಏನು ಎಂಬುದು ಅವರಿಗೂ ತಿಳಿಯಲಿಲ್ಲ.

"ಬಸುರಿ ಇದ್ದಾಗ ಏನಾದರೂ ಔಷಧಿ ತಗೊಂಡಿದ್ದೀರಾ?"

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಕಣ್ಣು ಮಿಟುಕಿಸದೆ, "ಎಂತ ಮದ್ದೂ ಇಲ್ಲೆ ಅಮ್ಮ. ಬರೀ ಕಷಾಯ" ಎಂದಳು. ಅವಳಿಗೆ ಅದು ಸುಳ್ಳು ಎಂದು ಅನ್ನಿಸಿರಲಿಕ್ಕಿಲ್ಲ. ಹೇಳಬಾರದ್ದನ್ನು ಹೇಳಲಿಲ್ಲ, ಅಷ್ಟೆ. ಮಗು ಉಳಿಯಬೇಕಾದರೆ ಮದ್ದಿನ ಕಟ್ಟು ಮುರಿಯಬಾರದು ಎಂದೇ ಅವಳ ಲೆಕ್ಕ. ನನಗೂ ಆ ಹೊತ್ತಿಗೆ ಬೇರೆ ಏನೂ ಹೊಳೆಯಲಿಲ್ಲ.

ಮಗುವಿನ ತೊಡೆಯ ಚರ್ಮದಡಿಗೆ ಸೂಜಿ ಚುಚ್ಚಿ ನೀರು ಹಾಕಿದರು. ಪೆನ್ಸಿಲಿನ್ ಕೊಟ್ಟರು. ಗುಣ ಕಾಣಲಿಲ್ಲ. ಮಗುವಿನ ನೆತ್ತಿ ಒಳಗೆ ಕುಳಿಬಿದ್ದಿತು. ಪಕ್ಕದ ಮಂಚದಲ್ಲಿ ಗಂಗೊಳ್ಳಿಯ ಮೀನುಗಾರರ ಮನೆಯ ಹೆಂಗಸೊಬ್ಬಳು ತನ್ನ ಬಾಣಂತಿ ಮಗಳ ಜೊತೆ ಇದ್ದಳು. ನನ್ನ ಕೈ ನಡುಗಿ ಮಗು ಜಾರುವಂತಾದಾಗ ಅವಳು ಕೇಳದೆಯೇ ಎತ್ತಿಕೊಂಡು, ಸೆರಗಿನಲ್ಲಿ ಬಿಗಿಯಾಗಿ ಸುತ್ತಿ ಎದೆಗೆ ಒತ್ತಿಕೊಂಡಳು. ಹಾಗೆ ಕಟ್ಟಿದಂತೆ ಹಿಡಿದರೆ ಅಳು ತುಸು ತಗ್ಗುತ್ತಿತ್ತು. ಅಮ್ಮ ಮುಖ ಹುಳಿ ಮಾಡಿದಳು, ಜಾತಿ ಮೈಲಿಗೆಯ ಯೋಚನೆ ಅವಳಿಗೆ. ಆ ಹೆಂಗಸು ಅದನ್ನು ಕಂಡೂ, "ನಿಮ್ಗೆ ಬೇಕಾರೆ ಆಮೇಲೆ ಮೀಯಿನಿ, ಈಗಳಿಕೆ ಶಿಶು ಒರಗ್ಲಿ" ಎಂದಳು. ಆ ದಿನಗಳಲ್ಲಿ ನನಗೆ ನಗು ಬಂದದ್ದು ಅದೊಂದೇ ಮಾತಿಗೆ.

ಅವಳ ಮಡಿಲಲ್ಲಿದ್ದ ಮಗುವನ್ನು ನಾನು ಎದುರಿನಿಂದ ನೋಡುತ್ತಿದ್ದೆ. ಮಗು ಆಕಳಿಸಿತು. ಒಂದಾದ ಮೇಲೆ ಒಂದು, ದವಡೆ ಕಳಚುವಂತೆ. ಸೀನಿತು, ಮತ್ತೆ ಸೀನಿತು. ಹಣೆಯ ಮೇಲೆ ಬೆವರು, ತೋಳಿನಲ್ಲಿ ಮುಳ್ಳು. ಅದನ್ನು ನೋಡುತ್ತ ನಾನೂ ಆಕಳಿಸಿದೆ, ಸೀನಿದೆ, ಒದ್ದೆ ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡೆ. ಕೈ ಅರ್ಧಕ್ಕೆ ನಿಂತಿತು. ನನ್ನನ್ನೇ ಯಾರೋ ಅಳೆದು ಚಿಕ್ಕದು ಮಾಡಿ ಅಲ್ಲಿ ಮಲಗಿಸಿದ ಹಾಗೆ ಕಂಡಿತು.

"ಅಮ್ಮ, ಇದ್ಕೂ ನಂಗೂ ಒಂದೇ ಸೀಕ್" ಎಂದೆ.

"ಎಂತ ಮಾತಾಡ್ತೆ? ನಿಂದ್ ಸನ್ನಿ."

"ಅಲ್ಲ. ಗುಳಿಗೆ ತಡ ಆರೆ ನಂಗೆ ಹೀಂಗೇ ಆತಿತ್ತ್. ಈಗ ಗುಳಿಗೆ ನಿಂತೇ ಹೋಯ್ತ್. ಅದ್ಕೂ ನಿಂತೋಯ್ತ್."

ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಬಾಯ್ ಮುಚ್ಚ್! ಅಣ್ಣಯ್ಯನ್ ಕೈಗುಣ ಹಾಳ್ ಮಾಡ್ತ್ಯಾ? ಊರಿನವ್ರಿಗೆಲ್ಲ ಬೇಕಾದ್ ಮದ್ದದ್."

ನಾನು ಅವಳ ಕೈ ತಳ್ಳಿ ಎದ್ದೆ. ಹೊರಗೆ ವರಾಂಡದಲ್ಲಿ ಗೋಡೆ ಹಿಡಿದು ನಡೆದು ಡಾಕ್ಟರಮ್ಮನನ್ನು ಹುಡುಕಿದೆ. ಹೇಳಿದರೆ ಮದ್ದು ಕೆಡುತ್ತದೆ ಎಂದು ನನಗೂ ಪೂರಾ ನಂಬಿಕೆ ಇತ್ತು, ಇಲ್ಲ ಎಂದು ಈಗ ದೊಡ್ಡಸ್ತಿಕೆ ತೋರಿಸುವುದಿಲ್ಲ. ಕೆಟ್ಟರೆ ಕೆಡಲಿ ಎಂದುಕೊಂಡೆ. ನಡೆದು ಹೋದ ದಾರಿಯುದ್ದಕ್ಕೂ ಮಾವನ ಮುಖವೇ ಕಣ್ಣ ಮುಂದೆ.

ಡಾಕ್ಟರಮ್ಮ ಪೂರ್ತಿ ಕೇಳಿದರು. ಗುಳಿಗೆಯ ಬಣ್ಣ ಕೇಳಿದರು, ಕಹಿಯೇ ಎಂದು ಕೇಳಿದರು. ನನ್ನ ಕಣ್ಣಿಗೆ ಬೆಳಕು ಹಿಡಿದು ನೋಡಿದರು. ಆಮೇಲೆ ಕುರ್ಚಿ ಎಳೆದು ನನ್ನನ್ನು ಕೂರಿಸಿ ತಾವು ನಿಂತೇ ಇದ್ದರು. "ಅದರಲ್ಲಿ ಅಫೀಮು ಇರಬಹುದು ಅನ್ನಿಸುತ್ತೆ. ನಿಮ್ಮ ಮೈಗೂ ಮಗುವಿನ ಮೈಗೂ ಅದು ಅಭ್ಯಾಸ ಆಗಿಬಿಟ್ಟಿದೆ. ನಿಂತಿದ್ದಕ್ಕೆ ಈ ಪಾಡು. ಇಂಥದ್ದನ್ನ ನಾನು ಓದುವಾಗ ಒಂದೇ ಸಲ ನೋಡಿದ್ದೆ."

"ಮದ್ದಿತ್ತಾ ಅಮ್ಮ ಇದ್ಕೆ?"

"ಇದೆ. ಅಫೀಮಿನದೇ ಹನಿ, ತುಂಬ ತೆಳುವಾದ್ದು. ಅದನ್ನ ಕೊಟ್ಟು ಸಮಾಧಾನ ಮಾಡಿ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡಬೇಕು." ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಆದರೆ ನನಗೆ ಖಚಿತವಾಗಬೇಕು. ಗುಳಿಗೆಯಲ್ಲಿ ಇದ್ದದ್ದು ಬೇರೆ ಏನೋ ಆಗಿದ್ದು, ನಾನು ಊಹೆಯ ಮೇಲೆ ಈ ಹನಿ ಹಾಕಿದರೆ ಮಗುವಿನ ಉಸಿರೇ ನಿಂತುಹೋಗಬಹುದು. ಮಾಡಿದವರೇ ಹೇಳಬೇಕು, ಏನು ಹಾಕಿದ್ದಾರೆ, ಎಷ್ಟು ಹಾಕಿದ್ದಾರೆ ಅಂತ."

ಹೇಳಬೇಕಾದವನು ಮಾವ. ಅವನ ಮಾವನಿಗೆ ಮಾತು ಕೊಟ್ಟವನು.

ನಮ್ಮನೆಯವರು ಸಿಕ್ಕಿದ ಬಸ್ಸು ಹತ್ತಿ ಬಿಜೂರಿಗೆ ಹೋದರು. ನಾವು ಕಾದೆವು. ಕಾಯುವುದೆಂದರೆ ಏನೆಂದು ನಾನು ಅವತ್ತು ಕಲಿತೆ. ವರಾಂಡದ ಬೆಂಚಿನಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡವರು, ಕೆಮ್ಮುವ ಮುದುಕರು, ಎಲೆಯಡಿಕೆ ಮೆಲ್ಲುವ ನೆಂಟರು. ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಎದ್ದು ಗೇಟಿನ ಕಡೆ ನೋಡುತ್ತಿದ್ದೆ. ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಮಗುವಿನ ಅಳು ಈಗ ಚೂಪಾಗಿಯೂ ಇರಲಿಲ್ಲ, ಒಡೆದ ಪೀಪಿಯ ಹಾಗೆ ಗಾಳಿ ಮಾತ್ರ. ಒಮ್ಮೆ ಅದರ ಕೈಕಾಲು ಸೆಟೆದು ಕಣ್ಣು ಮೇಲಕ್ಕೆ ಹೋಯಿತು. ಡಾಕ್ಟರಮ್ಮ ಓಡಿ ಬಂದರು. ಅದು ಇಳಿದ ಮೇಲೆ ಅವರು ನನ್ನ ಕಡೆ ನೋಡದೆ ನರ್ಸಿಗೆ ಮೆಲ್ಲಗೆ ಏನೋ ಹೇಳಿ ಹೋದರು. ಮಾವ ಬರುವುದಿಲ್ಲ ಎಂದು ನನಗೆ ಅನ್ನಿಸತೊಡಗಿತು. ಬಂದರೂ ಹೇಳುವುದಿಲ್ಲ. ಅಫೀಮು ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ತಪ್ಪು ಎಂಬುದು ಮಾಸ್ಟ್ರ ಹೆಂಡತಿಯಾದ ನನಗೆ ಗೊತ್ತಿತ್ತು. ಯಜಮಾನನನ್ನು ಪೊಲೀಸರು ಕರೆದುಕೊಂಡು ಹೋದರೆ ಮನೆಯ ಗತಿ ಏನು ಎಂಬುದೂ ಗೊತ್ತಿತ್ತು.

ಬಂದ. ಬಿಳಿ ಪಂಚೆ, ಹೆಗಲ ಮೇಲೆ ಮೈ ಒರೆಸುವ ಬೈರಾಸು, ಬರಿಗಾಲು. ಒಳಗೆ ಬರಲಿಲ್ಲ, ಚಾವಡಿಯ ಕಂಬಕ್ಕೆ ಒರಗಿ ನಿಂತ. ನಾನು ಹೊರಗೆ ಹೋದೆ.

"ನೀ ಹೇಳ್ದ್ಯಾ ಹೆಣೆ?"

"ಹೇಳ್ದೆ, ಮಾವ."

ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಡಾಕ್ಟರಮ್ಮ ಬಂದರು. ಅವನು ಕೈ ಮುಗಿದ. "ಅಮ್ಮ, ಅದ್ ನನ್ನ್ ಸ್ವಂತದ್ದಲ್ಲ. ನನ್ನ್ ಮಾವ ಕೊಟ್ಟದ್. ಹೇಳ್ರೆ ನನ್ನ್ ಕೈಯಂಗೆ ನಿಲ್ಲುದಿಲ್ಲ. ನಾಳಿಕೆ ಊರಿನವ್ರ್ ಬಂದ್ರೆ ನಾ ಎಂತ ಕೊಡುದ್?"

"ನಿಮ್ಮ ಕಷ್ಟ ಅರ್ಥ ಆಗುತ್ತೆ" ಎಂದರು ಡಾಕ್ಟರಮ್ಮ. "ಆದರೆ ಹೆಚ್ಚು ಹೊತ್ತು ಇಲ್ಲ."

ಆಗ ಒಳಗಿನಿಂದ ಆ ಒಡೆದ ಅಳು ಕೇಳಿಸಿತು. ಮಾವ ತಲೆ ಎತ್ತಿದ. ಮನೆಯಲ್ಲಿ ಅವನು ಕೇಳಿದ್ದ ಅಳು ಬೇರೆ. "ಅದಾ?" ಎಂದು ನನ್ನನ್ನು ಕೇಳಿದ. "ಅದೇ" ಎಂದೆ. ಸುತ್ತ ಜನರಿದ್ದರು. ಅವನು ಧ್ವನಿ ತಗ್ಗಿಸಲಿಲ್ಲ.

"ಅಫೀಮು" ಎಂದ. "ಮಂಜಿಯವ್ರ್ ತಂದ್ ಕೊಡುದ್. ಶುಂಠಿ, ಕಾಳ್ಮೆಣ್ಸ್, ಮತ್ತ್ ಅದ್. ಬೇರೆ ಎಂತದೂ ಇಲ್ಲೆ." ಮಂಜಿ ಎಂದರೆ ಬಂದರಿಗೆ ಬರುವ ಹಾಯಿ ಹಡಗು. ಎಷ್ಟು ಉಂಡೆಗೆ ಎಷ್ಟು ಎಂದು ಡಾಕ್ಟರಮ್ಮ ಕೇಳಿದರು. ಅವನು ಹೆಬ್ಬೆರಳಿನ ಉಗುರಿನ ಮೇಲೆ ಗೆರೆ ತೋರಿಸಿ ಹೇಳಿದ. ಹೇಳಿ ಮುಗಿಸಿ ಕಂಬದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಆ ದೊಡ್ಡ ಮೈ ಅಷ್ಟು ಸಣ್ಣದಾಗಿ ಕೂರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಹನಿ ಹಾಕಿದರು. ಅಮ್ಮ ಅಡ್ಡ ನಿಂತಳು, "ಅದೇ ವಿಷ ಮತ್ತ್ ಹಾಕುದಾ?" ಎಂದು. "ಅಟ್ಟದ ಮೇಲಿಂದ ಮಗು ಬಿದ್ದಾಗಿದೆ. ಈಗ ಎತ್ತಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸೋದು" ಎಂದರು ಡಾಕ್ಟರಮ್ಮ. ನಾವೆಲ್ಲ ಮಗುವಿನ ಎದೆ ನೋಡುತ್ತ ನಿಂತೆವು. ಎದ್ದಿತು, ಇಳಿಯಿತು. ಎದ್ದಿತು, ಇಳಿಯಿತು. ಎಷ್ಟು ಹೊತ್ತೋ ತಿಳಿಯದು, ಮೊದಲು ಗಲ್ಲದ ನಡುಕ ನಿಂತಿತು. ಆಮೇಲೆ ಬಿಗಿದ ಮುಷ್ಟಿ ತೆರೆಯಿತು. ನರ್ಸು ಕಣ್ಣಿನಲ್ಲೇ ಹೇಳಿದಳು, ನಾನು ಮೊಲೆ ಕೊಟ್ಟೆ. ತಲೆ ತೂರಾಡಿಸಲಿಲ್ಲ. ಹಿಡಿದುಕೊಂಡಿತು. ಎಳೆಯಿತು. ಗುಟುಕಿನ ಸದ್ದು ಕೇಳಿ ನಾನು ಬಾಯಿ ಬಿಟ್ಟು ಅತ್ತುಬಿಟ್ಟೆ. ಪಕ್ಕದ ಮಂಚದ ಗಂಗೊಳ್ಳಿಯವಳೂ ಅತ್ತಳು. ಅಮ್ಮ ಅವಳ ಕೈ ಹಿಡಿದುಕೊಂಡಿದ್ದಳು, ಮೈಲಿಗೆಯ ಮಾತು ಎಲ್ಲಿ ಹೋಯಿತೋ.

ಅಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಇಳಿಸುವುದು ಏರಿಸಿದಷ್ಟು ಸುಲಭವಲ್ಲ. ಹನಿ ಕಡಿಮೆ ಮಾಡಿದ ದಿನ ಮತ್ತೆ ನಡುಕ, ಮತ್ತೆ ಅಳು. ಒಮ್ಮೆ ಅವಸರವಾಯಿತೆಂದು ಡಾಕ್ಟರಮ್ಮ ಒಂದು ಮೆಟ್ಟಿಲು ಹಿಂದಕ್ಕೆ ಹೋದರು. ನನಗೆ ಹನಿ ಇರಲಿಲ್ಲ. ನನ್ನದು ಅಷ್ಟರಲ್ಲಿ ಅರ್ಧ ದಾರಿ ಕಳೆದಿದೆ, ತಡೆದುಕೊಳ್ಳಿ ಎಂದರು. ಈಗ ಮನೆಯಲ್ಲಿ ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಮಗುವಿಗೆ ಹನಿ ಹಾಕಲು ಬಾಟಲಿ ತೆರೆದಾಗ ಕರ್ಪೂರದ ವಾಸನೆ, ಅದರಡಿಯಲ್ಲಿ ಗುಳಿಗೆಯದೇ ಕಹಿ ವಾಸನೆ ಬರುತ್ತಿತ್ತು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ನನ್ನ ಕೂಸಿನ ಜೀವದ ಬಾಟಲಿಯನ್ನು ಕಸಿದು ಗಟಗಟ ಕುಡಿಯಬೇಕು ಎಂದು ಮೈಯೆಲ್ಲ ಕೂಗುತ್ತಿತ್ತು. ನಾನು ಅಂಥ ತಾಯಿಯೇ ಎಂದು ನನಗೇ ಹೇಸಿಗೆಯಾಯಿತು. ನಾಚಿಕೆ ಬಿಟ್ಟು ನರ್ಸಿಗೆ ಹೇಳಿದೆ. ಅವಳು ಮಂಗಳೂರಿನ ಕ್ರಿಶ್ಚನ್ ಹೆಂಗಸು, ಗತ್ತಿನವಳು. ಮರುದಿನದಿಂದ ಬಾಟಲಿಯನ್ನು ಬೇರೆ ಕೋಣೆಯಲ್ಲೇ ತೆರೆದು, ಹನಿಯನ್ನು ಚಮಚದಲ್ಲಿ ಮಾತ್ರ ತರುತ್ತಿದ್ದಳು. ಅವಳ ಉಪಕಾರವನ್ನು ನಾನು ಮರೆತಿಲ್ಲ.

ಮಗು ಕೊನೆಯ ಮೆಟ್ಟಿಲೂ ಇಳಿದ ಮೇಲೆ ಮನೆಗೆ ಬಂದೆವು. ಯಾವ ಪೊಲೀಸರೂ ಬರಲಿಲ್ಲ. ಆದರೆ ಮಾವ ಮದ್ದು ಕೊಡುವುದನ್ನು ನಿಲ್ಲಿಸಿದ. ದೂರದಿಂದ ನಡೆದು ಬಂದವರಿಗೆ, "ಮದ್ದ್ ಹೋಯ್ತ್. ಬಾಯಿ ಬಿಟ್ಟೆ, ಕೈಗುಣ ಹೋಯ್ತ್" ಎನ್ನುತ್ತಿದ್ದ. ಜನ ನಂಬಿ, ಮರುಗಿ, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಅವನು ಅದನ್ನು ನಂಬಿ ಹೇಳುತ್ತಿದ್ದನೋ, ಕೊಡದ ಹಾಗೆ ತನ್ನನ್ನೇ ಕಟ್ಟಿಹಾಕಿಕೊಂಡಿದ್ದನೋ ನಾನು ಕೇಳಲಿಲ್ಲ. ಮೊದಲು ಮಾಡಿಟ್ಟ ಗುಳಿಗೆಗಳು ಮಾತ್ರ ಕರಡಿಗೆಯಲ್ಲಿ ಹಾಗೆಯೇ ಇವೆ ಎಂದು ನನಗೆ ಗೊತ್ತಿತ್ತು. ಮಾವನ ಮಾವನ ಕರಡಿಗೆ ಅದು, ಬಿಸಾಡುವ ಧೈರ್ಯ ಯಾರಿಗಿದೆ.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಉಬ್ಬಸ ಮರಳಿ ಬಂತು. ಬಿಟ್ಟ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವವರ ಹಾಗೆ ಬಂತು. ಡಾಕ್ಟರಮ್ಮ ಕೊಟ್ಟಿದ್ದ ಮಾತ್ರೆ ನುಂಗಿದೆ, ತಾಗುವ ಲಕ್ಷಣ ಕಾಣಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು ಎರಡೂ ಕೈಯನ್ನು ನೆಲಕ್ಕೆ ಊರಿ ಗಾಳಿ ಎಳೆಯುತ್ತಿದ್ದೆ. ಮಗು ಹತ್ತಿರವೇ ಚಾಪೆಯಲ್ಲಿ ಮಲಗಿತ್ತು. ಮಾವ ಬಂದು ಬೆನ್ನಿಗೆ ಆಸರೆಯಾಗಿ ಕೂತ.

"ಮಾವ... ಒಂದೇ ಒಂದ್... ಕೊಡಿ."

"ಇಲ್ಲೆ, ಹೆಣೆ."

"ಅರ್ಧ."

"ನೀ ತಿಂದ್ರೆ ಹಾಲಿನ್ ಒಟ್ಟಿಗೆ ಶಿಶುಗೂ ಹೋತ್ತ್. ಕೊಡ್ತಿಲ್ಲೆ."

ನನ್ನನ್ನು ಯಾವತ್ತೂ ಇಲ್ಲ ಎನ್ನದ ಮನುಷ್ಯ. ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ನನ್ನ ಬಾಯಿ ಅವತ್ತು ಪೂರಾ ತೆರೆಯಿತು. ನೀನೇ ತಿನ್ನಿಸಿದ್ದು, ನೀನೇ ಹಾಳು ಮಾಡಿದ್ದು, ಈಗ ಸಾಯುವುದನ್ನು ನೋಡುತ್ತ ಕೂತಿದ್ದೀಯಾ ಎಂದೆ. ಏಕವಚನದಲ್ಲೇ ಅಂದೆ. ಹಿರಿಯರ ಮುಂದೆ ಆಡಬಾರದ ಎಲ್ಲವನ್ನೂ ಆಡಿದೆ. ಅಮ್ಮ ಒಳಗಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಮಾವ ನನ್ನನ್ನು ನೆಟ್ಟಗೆ ಹಿಡಿದುಕೊಂಡೇ ಕೇಳಿಸಿಕೊಂಡ. ಅವನ ಕಣ್ಣೀರು ನನ್ನ ಹೆಗಲ ಮೇಲೆ ಬೀಳುತ್ತಿತ್ತು. ಕೈ ಮಾತ್ರ ಸಡಿಲ ಬಿಡಲಿಲ್ಲ.

ನಾನು ಸುಸ್ತಾಗಿ ನಿಂತಾಗ ಮೆಲ್ಲಗೆ ಕೇಳಿದ: "ಬೈದ್ ಆಯ್ತಾ?"

ನಾನು ತಲೆಯಾಡಿಸಿದೆ.

"ಇಷ್ಟ್ ಹೊತ್ತ್ ಬೈಯುಕೆ ಉಸ್ರ್ ಇತ್ತಲ್ದಾ ಹೆಣೆ. ಹಾಂಗಾರೆ ಗುಳಿಗೆ ಎಂತಕೆ?"

ನಗು ಬಂತು. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಕಫ ಕಿತ್ತು ಎದೆ ಒಂದಿಷ್ಟು ಬಿಟ್ಟಿತು. ಆ ಗದ್ದಲಕ್ಕೆ ಎಚ್ಚರಾದ ಮಗು ಕೈಕಾಲು ಬಡಿದು ಅತ್ತಿತು. ದಪ್ಪ ಧ್ವನಿಯ, ಹಸಿವಿನ, ಊರಿನ ಎಲ್ಲ ಮಕ್ಕಳೂ ಅಳುವಂಥ ಅಳು. ಮಾವ ಅದನ್ನು ಎತ್ತಿ ನನ್ನ ಮಡಿಲಿಗೆ ಹಾಕಿ ಮುಖ ತಿರುಗಿಸಿ ಕೂತ. ನಾನು ಏದುತ್ತಲೇ, ಯಾವ ಹೆದರಿಕೆಯೂ ಇಲ್ಲದೆ, ಮಗುವಿಗೆ ಹಾಲು ಕೊಟ್ಟೆ.